ತಿಗಣೆಗೆ ಹೊಲದ ಔಷಧಿ ಬೇಡ

ಹೋದ ಬೇಸಿಗೆಯಲ್ಲಿ ಬೀಜೋಪಚಾರದ ವಿಷಯ ತಿಳಿಸಲು ಒಂದು ಊರಿನ ರೈತರ ಮನೆಗೆ ಹೋಗಿದ್ದೆ. ಮಾತಿನ ನಡುವೆ ಯಜಮಾನರು, "ಹತ್ತಿಗೆ ತಂದ ಔಷಧಿ ಸ್ವಲ್ಪ ಉಳಿದಿತ್ತು ಸ್ವಾಮಿ. ತಿಗಣೆ ಕಾಟ ತಡೆಯಲಾರದೆ ನಿನ್ನೆ ಮಂಚಕ್ಕೂ ತೊಟ್ಟಿಲಿಗೂ ಹೊಡೆದುಬಿಟ್ಟೆ" ಎಂದರು. ತೊಟ್ಟಿಲಲ್ಲಿ ಕೂಸು ಮಲಗಿತ್ತು! ಕೂಡಲೇ ಎತ್ತಿಸಿ, ಬಟ್ಟೆ ತೆಗೆಸಿ, ಸೋಪಿನಿಂದ ಮೈ ತೊಳೆಸಿ, ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಕಳುಹಿಸಿದೆವು. ಕೂಸು ಉಳಿಯಿತು. ಆ ಯಜಮಾನರನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಕೈಗೆ ಸಿಕ್ಕಿದ್ದನ್ನು ಹೊಡೆಯುತ್ತಾರೆ.

ರೈತ ಬಂಧುಗಳೇ, ಹೊಲದ ಔಷಧಿ ಬಯಲಿನ ಗಾಳಿ ಬಿಸಿಲಿಗೆಂದು ಮಾಡಿದ್ದು. ಮುಚ್ಚಿದ ಕೋಣೆಯಲ್ಲಿ ಅದು ಮರಕ್ಕೂ ಬಟ್ಟೆಗೂ ಅಂಟಿ ಬಹುಕಾಲ ಉಳಿಯುತ್ತದೆ. ಅದರ ಮೇಲೆ ರಾತ್ರಿಯೆಲ್ಲ ಮಲಗಿದವರಿಗೆ ಚರ್ಮದಿಂದಲೂ ಉಸಿರಿನಿಂದಲೂ ವಿಷ ಒಳಸೇರುತ್ತದೆ. ವಾಂತಿ, ಜೊಲ್ಲು, ಅತಿಯಾದ ಬೆವರು, ಉಸಿರಾಟದ ತೊಂದರೆ ಕಂಡರೆ ಮನೆಮದ್ದು ಮಾಡುತ್ತ ಕೂರಬಾರದು. ತಿಗಣೆ ಕಚ್ಚುವುದರಿಂದ ಮನುಷ್ಯರಿಗೆ ರೋಗ ಹರಡುವುದು ಈವರೆಗೆ ಕಂಡುಬಂದಿಲ್ಲ. ತುರಿಕೆ, ನಿದ್ದೆಗೇಡು ಅದರ ಉಪದ್ರವ. ಅಷ್ಟಕ್ಕೆ ಪ್ರಾಣ ಒಡ್ಡುವುದೇ?

ವಿಷ ಹೊಡೆದರೂ ಅವು ಸಾಯುತ್ತವೆಂಬ ಭರವಸೆಯಿಲ್ಲ. 1953ರಲ್ಲಿ ಆರಂಭವಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದರು. ಮೊದಮೊದಲು ಸೊಳ್ಳೆಯೊಂದಿಗೆ ತಿಗಣೆಯೂ ಸತ್ತಿತು. ಬರಬರುತ್ತ ಅದನ್ನು ತಾಳಿಕೊಳ್ಳುವ ತಿಗಣೆಗಳೇ ಉಳಿದು ಬೆಳೆದವು. ಈಗಿನ ಹಲವು ಔಷಧಿಗಳಿಗೂ ಅದೇ ಗತಿಯಾಗಿದೆ.

ಮೊದಲು ಗುರುತು ಹಿಡಿಯಿರಿ. ಬೆಳೆದ ತಿಗಣೆ ಹುರುಳಿ ಕಾಳಿನ ಬಣ್ಣದ್ದು, ಹೆಚ್ಚುಕಡಿಮೆ ಅಷ್ಟೇ ಗಾತ್ರ, ಚಪ್ಪಟೆ. ರಕ್ತ ಕುಡಿದ ಮೇಲೆ ಉಬ್ಬಿ ಕೆಂಪಗಾಗುತ್ತದೆ. ರೆಕ್ಕೆಯಿಲ್ಲ, ಚಿಗಟದಂತೆ ಹಾರುವುದಿಲ್ಲ. ಕಚ್ಚಿದ ಗುಳ್ಳೆ ಎಲ್ಲರ ಮೈಮೇಲೂ ಏಳುವುದಿಲ್ಲವಾದ್ದರಿಂದ ಮೈ ನೋಡುವುದಕ್ಕಿಂತ ಮಂಚ ನೋಡುವುದು ಮೇಲು. ಮಂಚದ ಸಂದು, ಹಗ್ಗದ ಗಂಟು, ಹಾಸಿಗೆಯ ಹೊಲಿಗೆ, ಚಾಪೆಯ ಅಂಚು, ಗೋಡೆಯ ಬಿರುಕು, ಪಟಗಳ ಹಿಂಭಾಗ ಇವನ್ನು ಬ್ಯಾಟರಿ ಹಿಡಿದು ನೋಡಿರಿ. ಮಸಿ ಚುಕ್ಕೆಯಂತಹ ಹಿಕ್ಕೆ, ಕಳಚಿದ ಪೊರೆ, ಎಳ್ಳಿಗಿಂತ ಸಣ್ಣ ಬಿಳಿ ಮೊಟ್ಟೆ ಕಂಡರೆ ಅದೇ ಠಾವು.

ತಿಗಣೆಗೂ ಮೊಟ್ಟೆಗೂ ಬಿಸಿಯೇ ಶತ್ರು. ಮಂಚವನ್ನು ಅಂಗಳಕ್ಕೆ ತಂದು, ಹಗ್ಗ ಬಿಚ್ಚಿ, ಸಂದುಸಂದಿಗೂ ತೂತಿಗೂ ಕುದಿಯುವ ನೀರು ಸುರಿಯಬೇಕು. ಉಗುರುಬೆಚ್ಚಗಿನ ನೀರಿನಿಂದ ಏನೂ ಆಗದು. ಮಕ್ಕಳು ದೂರವಿರಲಿ. ಹಗ್ಗವನ್ನೂ ಹೊದಿಕೆಗಳನ್ನೂ ಬಿಸಿನೀರಿನಲ್ಲಿ ನೆನೆಹಾಕಿ ಒಗೆದು ಬಿಸಿಲಿಗೆ ಹಾಕಿರಿ. ಕಂಬಳಿ, ದಪ್ಪ ಕೌದಿಗಳನ್ನು ಬರಿದೇ ಬಿಸಿಲಿಗೆ ಹರಡಿದರೆ ತಿಗಣೆ ತಂಪಾದ ಅಡಿಮಗ್ಗುಲಿಗೆ ಸರಿಯುತ್ತದೆ. ಆದ್ದರಿಂದ ಆಗಾಗ ಮಗುಚಿ ಬಡಿಯಬೇಕು, ಹೊಲಿಗೆಗಳನ್ನು ಕಣ್ಣಿಟ್ಟು ನೋಡಬೇಕು. ಗೋಡೆಯ ಬಿರುಕಿಗೆ ಮಣ್ಣು ಅಥವಾ ಸಿಮೆಂಟು ಮೆತ್ತಿ ಸುಣ್ಣ ಬಳಿಯಿರಿ. ಕೆಲವರು ಸೀಮೆಎಣ್ಣೆ ಸುರಿಯುತ್ತಾರೆ. ಬೆಂಕಿ ಹತ್ತಿದರೆ ಮನೆಯೇ ಹೋಗುತ್ತದೆ.

ಒಂದು ದಿನ ಮಾಡಿ ಸುಮ್ಮನಾಗುವುದೇ ನಮ್ಮಲ್ಲಿ ಸಾಮಾನ್ಯವಾದ ತಪ್ಪು. ಎಲ್ಲೋ ಉಳಿದ ಮೊಟ್ಟೆ ನಮ್ಮ ಸೆಕೆಯಲ್ಲಿ ಆರರಿಂದ ಹತ್ತು ದಿನದೊಳಗೆ ಒಡೆಯುತ್ತದೆ. ಮರಿ ಐದು ಸಲ ಪೊರೆ ಬಿಟ್ಟು ದೊಡ್ಡದಾಗುತ್ತದೆ. ವಾರಕ್ಕೊಮ್ಮೆಯಂತೆ ಐದಾರು ವಾರ ಬಿಡದೆ ಮಾಡಿದರೆ ಅವು ಮೊಟ್ಟೆಯಿಡುವಷ್ಟು ಬೆಳೆಯಲು ಸಮಯ ಸಿಗದು. ಮಂಚವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಕಾಲುಗಳ ಕೆಳಗೆ ಸೋಪಿನ ನೀರಿನ ಬಟ್ಟಲು ಇಡಬಹುದು. ಹೊದಿಕೆ ನೆಲಕ್ಕೆ ಇಳಿಬಿದ್ದರೆ ಬಟ್ಟಲು ಇಟ್ಟೂ ಪ್ರಯೋಜನವಿಲ್ಲ. ಆ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿರಿ, ಇಲ್ಲವಾದರೆ ಸೊಳ್ಳೆ ಸಾಕಿದಂತಾಗುತ್ತದೆ.

ಇಷ್ಟಾದರೂ ಹೋಗದಿದ್ದರೆ, ಮನೆಯೊಳಗಿನ ಬಳಕೆಗೆಂದೇ ಚೀಟಿಯಲ್ಲಿ ನಮೂದಿಸಿದ ಔಷಧಿಯನ್ನು ಮಾತ್ರ, ಅದರಲ್ಲಿ ಹೇಳಿದ ಪ್ರಮಾಣದಲ್ಲಿ, ತಿಳಿದವರಿಂದ ಹೊಡೆಸಿರಿ. ತೊಟ್ಟಿಲಿಗೂ ಹಾಸಿಗೆಗೂ ಅದೂ ಬೇಡ.

ತಿಗಣೆ ತಾನಾಗಿ ದೂರದಿಂದ ನಡೆದು ಬರುವುದಿಲ್ಲ, ನಮ್ಮ ಸಾಮಾನಿನ ಜೊತೆಗೇ ಬರುತ್ತದೆ. ಸಂತೆಯಲ್ಲಿ ಕೊಂಡ ಹಳೆಯ ಮಂಚವಾಗಲಿ, ಹಾಸ್ಟೆಲಿನಿಂದ ರಜೆಗೆ ಬಂದ ಹುಡುಗನ ಟ್ರಂಕಾಗಲಿ, ಹೊಸ್ತಿಲು ದಾಟುವ ಮೊದಲು ಅಂಗಳದಲ್ಲೇ ಬಿಚ್ಚಿ ನೋಡಿರಿ. ಹುಡುಗ ನಾಚಿಕೊಂಡರೆ ನಾಚಿಕೊಳ್ಳಲಿ.