ಚಿತ್ರಗಳ ಕಣಜ

ಕೋಲಾರ ಜಿಲ್ಲೆಯು ಶಾಸನಗಳಿಗೂ ವೀರಗಲ್ಲುಗಳಿಗೂ ನೆಲೆ. ಬಿ. ಎಲ್. ರೈಸ್ ಅವರು ಇಲ್ಲಿಯ ಶಾಸನಗಳನ್ನು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಮಳೆಬಿಸಿಲುಗಳಿಗೆ ಸವೆಯುವ ಇಂತಹ ಕಲ್ಲುಗಳ ಚಿತ್ರಗಳನ್ನು ಇಂದು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ವಿದ್ಯಾರ್ಥಿಗಳೂ ಡಿಜಿಟಲ್ ಕ್ಯಾಮರಾದಿಂದ ತೆಗೆದಿಡಬಲ್ಲರು. ಆ ಚಿತ್ರಗಳ ಕಣಜವೇ ಅಂಚೆಚೀಟಿಯಷ್ಟು ಚಿಕ್ಕದಾದ ಮೆಮೊರಿ ಕಾರ್ಡು.

ಕಾರ್ಡನ್ನು ಆರಿಸುವಾಗ, ಕ್ಯಾಮರಾ ಯಾವ ಬಗೆಯದನ್ನು ಓದಬಲ್ಲುದೆಂಬುದನ್ನು ಮೊದಲು ತಿಳಿಯಬೇಕು. ಎಸ್‌ಡಿ ಎಂಬ ಬಗೆಯದು 2 ಜಿ.ಬಿ.ವರೆಗೆ, ಎಸ್‌ಡಿಎಚ್‌ಸಿ 32 ಜಿ.ಬಿ.ವರೆಗೆ ಹಿಡಿಯುತ್ತದೆ, ಹಳೆಯ ಕ್ಯಾಮರಾಗಳು ದೊಡ್ಡ ಕಾರ್ಡನ್ನು ಓದಲಾರವು. ಚಿತ್ರವೊಂದು 5 ಎಂ.ಬಿ. ಆದರೆ 32 ಜಿ.ಬಿ.ಯಲ್ಲಿ ಸುಮಾರು 6,000 ಚಿತ್ರಗಳು ಅಡಗುತ್ತವೆ. ಎರಡನೆಯದು ವೇಗ. ಕಾರ್ಡಿನ ಮೇಲೆ ದುಂಡನೆಯ ಗುರುತಿನೊಳಗೆ 10 ಎಂದಿದ್ದರೆ ಅದು ಸೆಕೆಂಡಿಗೆ ಕನಿಷ್ಠ 10 ಎಂ.ಬಿ.ಯನ್ನು ಬರೆದುಕೊಳ್ಳುತ್ತದೆ. ಕಲ್ಲಿನ ಚಿತ್ರಗಳಿಗೆ ಇಷ್ಟು ಸಾಕು. ಚಲಚ್ಚಿತ್ರಕ್ಕೆ ಹೆಚ್ಚಿನ ವೇಗ ಬೇಕಾಗಬಹುದು.

ಅಗ್ಗದ ಬೆಲೆಗೆ ಮರುಳಾಗಬಾರದು. ನಕಲಿ ಕಾರ್ಡು ತನ್ನ ಮೇಲೆ ನಮೂದಾದಷ್ಟನ್ನು ಹಿಡಿಯದು. ತುಂಬಿದ ಮೇಲೆ ತೆಗೆದ ಚಿತ್ರಗಳು ಕೆಟ್ಟುಹೋಗುತ್ತವೆ. ಆದುದರಿಂದ ಹೊಸ ಕಾರ್ಡನ್ನು ಮನೆಯಲ್ಲಿಯೇ ತುಂಬಿ ಪರೀಕ್ಷಿಸಬೇಕು. ಒಂದು ದೊಡ್ಡ ಕಾರ್ಡಿಗಿಂತ ಎರಡು ಚಿಕ್ಕವು ಲೇಸು. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಕಲ್ಲಿನ ಬರಹ ಶತಮಾನಗಳನ್ನು ಕಂಡಿದೆ; ಕಾರ್ಡಿನ ಬರಹವಾದರೋ ಕ್ಷಣದಲ್ಲಿ ಅಳಿಯಬಲ್ಲುದು. ಅದನ್ನು ಅಂದೇ ಬೇರೆಡೆ ಪ್ರತಿ ಮಾಡಿಡುವುದು ಜಾಣತನ.