ಬೆಂಜೀನಿನ ವಂಶಾವಳಿ ಮತ್ತು ಬೀಜಗಣಿತ

ಹೆಳವರ ಬಾಯಿಂದ ವಂಶಾವಳಿಗಳನ್ನು ಕೇಳಿ ದಾಖಲಿಸುವ ಜಾನಪದ ಅಧ್ಯಯನಕ್ಕೆ ‘ಯಾವುದರಿಂದ ಯಾವುದು ಹುಟ್ಟಿತು’ ಎಂಬ ಪ್ರಶ್ನೆ ಹೊಸದಲ್ಲ. ರಸಾಯನ ವಿಜ್ಞಾನದ ಒಂದು ದೊಡ್ಡ ತೊಡಕನ್ನು 1874ರಲ್ಲಿ ಬಿಡಿಸಿದ್ದೂ ಇದೇ ಪ್ರಶ್ನೆ.

ಬೆಂಜೀನ್ ಅಣುವಿನ ಆರು ಇಂಗಾಲದ ಪರಮಾಣುಗಳು ಉಂಗುರದಂತೆ ಜೋಡಣೆಗೊಂಡಿವೆಯೆಂದು ಕೆಕುಲೆ 1865ರಲ್ಲಿ ಸೂಚಿಸಿದ್ದರು. ಅದರ ಆರು ಜಲಜನಕಗಳಲ್ಲಿ ಎರಡರ ಸ್ಥಾನದಲ್ಲಿ ಬ್ರೋಮಿನ್ ಬಂದರೆ ಮೂರು ಭಿನ್ನ ವಸ್ತುಗಳು ಸಾಧ್ಯ: ಪಕ್ಕಪಕ್ಕದ ಸ್ಥಾನಗಳಲ್ಲಿದ್ದರೆ ಆರ್ಥೊ, ನಡುವೆ ಒಂದು ಸ್ಥಾನ ಬಿಟ್ಟಿದ್ದರೆ ಮೆಟಾ, ಎದುರುಬದುರಾಗಿದ್ದರೆ ಪ್ಯಾರಾ. ಸೀಸೆಯಲ್ಲಿರುವುದು ಇವುಗಳಲ್ಲಿ ಯಾವುದು? ಅಣುವಿನ ಒಳರಚನೆಯನ್ನು ನೇರವಾಗಿ ಕಾಣುವ ಸಾಧನ ಆ ಕಾಲದಲ್ಲಿರಲಿಲ್ಲ. ವಿಲ್ಹೆಲ್ಮ್ ಕೋರ್ನರ್ ಅನುಸರಿಸಿದ ಉಪಾಯ ಸರಳವಾದುದು. ಮೂರನೆಯದೊಂದನ್ನು ಸೇರಿಸಿದಾಗ ಪ್ಯಾರಾದಿಂದ ಒಂದೇ, ಆರ್ಥೊದಿಂದ ಎರಡು, ಮೆಟಾದಿಂದ ಮೂರು ಬಗೆಯ ಸಂತತಿ ಸಾಧ್ಯ. ಮಕ್ಕಳನ್ನೆಣಿಸಿ ತಾಯಿಯನ್ನು ಗುರುತಿಸಿದಂತೆ.

ಇದು ಹೀಗೇಕೆ ಎಂಬುದಕ್ಕೆ ಉತ್ತರ ಅಮೂರ್ತ ಬೀಜಗಣಿತದ ಸಮೂಹ ಸಿದ್ಧಾಂತದಲ್ಲಿದೆ. ಉಂಗುರದ ಆಕಾರ ಕೆಡದಂತೆ ಅದನ್ನು ತಿರುಗಿಸುವ, ಮಗುಚುವ ಕ್ರಿಯೆಗಳು ಒಟ್ಟು 12. ಎರಡು ಸ್ಥಾನಗಳು ತುಂಬಿದಾಗ, ಆ ಜೋಡಿಯನ್ನು ಕದಲಿಸದ ಕ್ರಿಯೆಗಳಷ್ಟೇ ಉಳಿದು ಉಪಸಮೂಹವಾಗುತ್ತವೆ. ಪ್ಯಾರಾದಲ್ಲಿ ಅಂಥವು 4. ಉಳಿದ ನಾಲ್ಕು ಸ್ಥಾನಗಳೂ ಪರಸ್ಪರ ಬದಲಾಗಬಲ್ಲವಾದ್ದರಿಂದ ಅವೆಲ್ಲ ಒಂದೇ. ಆರ್ಥೊ, ಮೆಟಾ ಎರಡರಲ್ಲೂ 2 ಕ್ರಿಯೆಗಳಿವೆ. ಆದರೆ ಮೆಟಾದಲ್ಲಿ ಎರಡು ಸ್ಥಾನಗಳು ಮಗುಚಿದರೂ ತಮ್ಮಲ್ಲೇ ಉಳಿಯುವುದರಿಂದ ಒಂದು ಬಗೆ ಹೆಚ್ಚುತ್ತದೆ. ಈ ದೃಷ್ಟಿಯನ್ನು ಲನ್ ಮತ್ತು ಸೀನಿಯರ್ 1929ರಲ್ಲಿ, ಪೋಯಾ 1937ರಲ್ಲಿ ವ್ಯಾಪಕವಾಗಿ ಬೆಳೆಸಿದರು. ಬ್ರೋಮಿನ್ ಇರಿಸುವ 64 ವಿಧಾನಗಳು ಈ ಲೆಕ್ಕದಲ್ಲಿ 13 ವಸ್ತುಗಳಿಗೆ ಇಳಿಯುತ್ತವೆ; ಹಂತಹಂತವಾಗಿ 1, 1, 3, 3, 3, 1, 1.

ಈ ಶ್ರೇಣಿಯನ್ನು ವಂಶವೃಕ್ಷವೆನ್ನುವುದು ಮಾತ್ರ ಸರಿಯಲ್ಲ. 1, 2, 4ನೆಯ ಸ್ಥಾನಗಳಲ್ಲಿ ಬ್ರೋಮಿನ್ ಇರುವ ವಸ್ತುವಿಗೆ ಆರ್ಥೊ, ಮೆಟಾ, ಪ್ಯಾರಾ ಮೂರೂ ತಾಯಂದಿರು. ಕವಲೊಡೆದು ಮತ್ತೆ ಕೂಡುವ ಇಂಥ ಜಾಲ, ಪಾಠಾಂತರಗಳ ಮೂಲ ಹುಡುಕುವವರಿಗೂ ಪರಿಚಿತವೇ. ಲೆವಿ-ಸ್ತ್ರಾಸ್ ಅವರ ಬಂಧುತ್ವ ಕುರಿತ 1949ರ ಗ್ರಂಥದಲ್ಲಿ ಗಣಿತಜ್ಞ ಆಂದ್ರೆ ವೇಯ್ ವಿವಾಹ ನಿಯಮಗಳಿಗೆ ಸಮೂಹ ಸಿದ್ಧಾಂತವನ್ನೇ ಅನ್ವಯಿಸಿದ್ದರು.

ಆದರೆ ಬೀಜಗಣಿತ ಹೇಳುವುದು ಸಾಧ್ಯತೆಯನ್ನು, ಪ್ರಮಾಣವನ್ನಲ್ಲ. ಕ್ಲೋರೊಬೆಂಜೀನಿಗೆ ನೈಟ್ರೊ ಗುಂಪನ್ನು ಸೇರಿಸಿದಾಗ ಲೆಕ್ಕದ ಪ್ರಕಾರ ಮೂರೂ ಬಗೆಗಳು ಹುಟ್ಟಬಹುದು. ಪ್ರಯೋಗಶಾಲೆಯಲ್ಲಿ ಸಿಗುವುದು ಬಹುತೇಕ ಪ್ಯಾರಾ ಮತ್ತು ಆರ್ಥೊ, ಮೆಟಾ ಅತ್ಯಲ್ಪ. ಅದಕ್ಕೆ ಕಾರಣ ಕ್ಲೋರಿನ್ನಿನ ಇಲೆಕ್ಟ್ರಾನುಗಳ ಪ್ರಭಾವ. ಸಮೂಹದ 12 ಕ್ರಿಯೆಗಳಲ್ಲಿ ಅದರ ಸುಳಿವಿಲ್ಲ.