ಹಿರಿಯ ರೈತರ ಕೈಗೆ ಹೊಂದುವ, ಹಣಕ್ಕೆ ಭದ್ರವಾದ ಸ್ಮಾರ್ಟ್‌ಫೋನ್

ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ಆಲ್ಕೊಳ ಈಗ ನಗರದೊಳಗೇ ಸೇರಿಹೋಗಿದೆ. ಆದರೂ ಆಯನೂರು ಕಡೆಯ ರೈತರು ಪೇಟೆಗೆ ಬರುವ ದಾರಿ ಇದೇ. ಹಿಂದೆ ಅಡಿಕೆ ಮಾರಿದ ಹಣ ಕೈಗೆ ಬರುತ್ತಿತ್ತು. ಈಗ ಬ್ಯಾಂಕಿನ ಖಾತೆಗೆ ಜಮಾ ಆಗುತ್ತದೆ. ಬೆಳೆ ವಿಮೆಯ ಪರಿಹಾರ, 2019ರಲ್ಲಿ ಆರಂಭವಾದ ಪಿಎಂ-ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 3 ಕಂತುಗಳಲ್ಲಿ ಬರುವ 6,000 ರೂಪಾಯಿ, ಎಲ್ಲವೂ ಹಾಗೆಯೇ. ಜಮೆಯ ಸುದ್ದಿಯೂ, ಒಟಿಪಿ ಎಂಬ ಗುಪ್ತ ಸಂಖ್ಯೆಯೂ ಬರುವುದು ಮೊಬೈಲಿಗೆ. ಆದ್ದರಿಂದ ಅರವತ್ತು ದಾಟಿದ ರೈತರ ಜೇಬಿನಲ್ಲಿರುವ ಫೋನು ಈಗ ಬರಿಯ ಮಾತಿನ ಸಾಧನವಲ್ಲ, ಪಾಸ್‌ಬುಕ್ಕೂ ಹೌದು, ತಿಜೋರಿಯ ಬೀಗದ ಕೈಯೂ ಹೌದು.

ಮೆಟ್ಟುಗತ್ತಿಯು ಸುಲಿಯುವವರ ಕೈಗೆ ಹೊಂದದಿದ್ದರೆ ಅಡಿಕೆಗಿಂತ ಮೊದಲು ಬೆರಳು ಕೊಯ್ಯುತ್ತದೆ. ಫೋನಿನ ವಿಷಯವೂ ಇದೇ. ಅಂಗಡಿಯಿಂದ ತಂದ ಫೋನನ್ನು ಇದ್ದಂತೆಯೇ ಹಿರಿಯರ ಕೈಗೆ ಕೊಡಬಾರದು. ಮನೆಯ ಕಿರಿಯರು ಅರ್ಧ ದಿನ ಅವರ ಜೊತೆಯಲ್ಲೇ ಕುಳಿತು ಅದನ್ನು ಹೊಂದಿಸಿಕೊಡಬೇಕು.

ತೊಂದರೆಗಳಿಗೆ ಕಾರಣ

ವಯಸ್ಸಾದಂತೆ ಹತ್ತಿರದ ದೃಷ್ಟಿ ಮಂದವಾಗುತ್ತದೆ. ಕೃಷಿ ಕೆಲಸದಿಂದ ಬೆರಳಿನ ಚರ್ಮ ದಪ್ಪಗಾಗಿ ಒಣಗಿರುವುದರಿಂದ ಪರದೆಯು ಸ್ಪರ್ಶವನ್ನು ಸರಿಯಾಗಿ ಗ್ರಹಿಸುವುದಿಲ್ಲ. ಬೆರಳಚ್ಚಿನ ಗೆರೆಗಳು ಸವೆದಿರುವುದರಿಂದ ಬೆರಳಿಟ್ಟು ಬೀಗ ತೆಗೆಯುವುದೂ ಹಲವರಿಗೆ ಆಗುವುದಿಲ್ಲ. ಇದು ಕಲಿಯುವವರ ದಡ್ಡತನವಲ್ಲ. ಸಾಧನವನ್ನು ಹೊಂದಿಸದಿರುವುದರ ದೋಷ.

ಹೊಂದಿಸುವ ಕ್ರಮ

1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊದಲು ಭಾಷೆಯನ್ನು ಕನ್ನಡಕ್ಕೆ ಬದಲಿಸಬೇಕು. ನಂತರ ಅಕ್ಷರದ ಗಾತ್ರವನ್ನು ಹೆಚ್ಚಿಸುತ್ತ ಹೋಗಿ, ಹಿರಿಯರು ಕನ್ನಡಕವಿಲ್ಲದೆ ಓದುವ ಹಂತದಲ್ಲಿ ನಿಲ್ಲಿಸಬೇಕು.

2. ಬೆರಳು ಸ್ವಲ್ಪ ಹೊತ್ತು ನಿಂತರೆ ಬೇರೇನೋ ತೆರೆದುಕೊಳ್ಳುವುದು ಸಾಮಾನ್ಯ ದೂರು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ, ಒತ್ತಿ ಹಿಡಿಯುವ ಅವಧಿಯನ್ನು 'ದೀರ್ಘ' ಎಂದು ಮಾಡಿದರೆ ಈ ತೊಂದರೆ ಕಡಿಮೆಯಾಗುತ್ತದೆ.

3. ಪರದೆಯ ಮೊದಲ ಪುಟದಲ್ಲಿ ಐದಾರು ಚಿತ್ರಗಳು ಮಾತ್ರ ಇರಲಿ. ಮಗ, ಮಗಳು ಮತ್ತು ನೆರೆಯವರೊಬ್ಬರ ಭಾವಚಿತ್ರವನ್ನು ಒತ್ತಿದರೆ ನೇರವಾಗಿ ಕರೆ ಹೋಗುವಂತೆ ಇಡಬೇಕು.

4. ಬರೆಯಲು ಕಷ್ಟವಾದರೆ ಕೀಲಿಮಣೆಯಲ್ಲಿರುವ ಮೈಕಿನ ಚಿತ್ರ ಒತ್ತಿ ಕನ್ನಡದಲ್ಲೇ ಮಾತನಾಡಬಹುದು. ಅದು ಅಕ್ಷರವಾಗಿ ಮೂಡುತ್ತದೆ.

5. ಬೀಗಕ್ಕೆ ಬೆರಳಚ್ಚು ಒಗ್ಗದಿದ್ದರೆ ಅಂಕಿಗಳ ಪಿನ್ ಇಡಬೇಕು. ಹುಟ್ಟಿದ ವರ್ಷ ಅಥವಾ 1234 ಬೇಡ. ಪಿಎಂ-ಕಿಸಾನ್ ಇ-ಕೆವೈಸಿಗೆ ಬೆರಳಚ್ಚು ಹೊಂದದವರು, 2023ರಿಂದ ಆ ಯೋಜನೆಯ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು.

ಮೋಸ ಬರುವ ದಾರಿಗಳು

ಮೊದಲನೆಯದು ಕಡತ. 'ಪಿಎಂ-ಕಿಸಾನ್ ಪಟ್ಟಿ' ಎಂದೋ, ವಾಹನದ ದಂಡ ಎಂದೋ ಹೆಸರಿಟ್ಟು ವಾಟ್ಸ್‌ಆ್ಯಪ್‌ನಲ್ಲಿ ಒಂದು ಕಡತ ಬರುತ್ತದೆ. ಹೆಸರಿನ ಕೊನೆಯಲ್ಲಿ ಎ.ಪಿ.ಕೆ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಮುಟ್ಟಬಾರದು. ಅದನ್ನು ಒತ್ತಿ ಒಪ್ಪಿಗೆ ಕೊಟ್ಟರೆ ಫೋನಿಗೆ ಬರುವ ಒಟಿಪಿಗಳು ಮೋಸಗಾರನ ಕೈ ಸೇರುತ್ತವೆ. ಪರಿಚಿತರ ನಂಬರಿನಿಂದ ಬಂದರೂ ನಂಬಬಾರದು; ಅವರ ಫೋನೂ ಕೆಟ್ಟಿರಬಹುದು. ಸೆಟ್ಟಿಂಗ್ಸ್‌ನಲ್ಲಿ 'ಅಪರಿಚಿತ ಆ್ಯಪ್ ಸ್ಥಾಪನೆ'ಯ ಅನುಮತಿಯನ್ನು ಎಲ್ಲ ಕಡೆಯೂ ತೆಗೆದುಹಾಕಬೇಕು.

ಎರಡನೆಯದು ಹಣ ಕೊಡುವ ನೆಪ. 'ನಿಮಗೆ ಹಣ ಬರಬೇಕಿದೆ, ಪಿನ್ ಒತ್ತಿ' ಎನ್ನುತ್ತಾರೆ. ಹಣ ಬರಲು ಯುಪಿಐ ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತುವುದು ಹಣ ಕೊಡುವಾಗ ಮತ್ತು ಖಾತೆಯ ಶಿಲ್ಕು ನೋಡುವಾಗ. ಈ ಒಂದು ಮಾತು ನೆನಪಿದ್ದರೆ ಅನೇಕ ಮೋಸಗಳು ಬಾಗಿಲಲ್ಲೇ ನಿಲ್ಲುತ್ತವೆ.

ಮೂರನೆಯದು ಹೆದರಿಕೆ. ಪೊಲೀಸ್ ಉಡುಪಿನವನು ವಿಡಿಯೋ ಕರೆಯಲ್ಲಿ ಕಾಣಿಸಿಕೊಂಡು, 'ನಿಮ್ಮ ಆಧಾರ್ ಮೇಲೆ ಕೇಸಾಗಿದೆ, ಮನೆಯವರಿಗೂ ಹೇಳಬೇಡಿ' ಎನ್ನುತ್ತಾನೆ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಮನೆಯವರಿಗೆ ಹೇಳಬೇಡಿ ಎಂದರೆ ಅದೇ ಮೋಸದ ಗುರುತು.

ಹಣವನ್ನು ಬೇರೆ ಬೇರೆ ಇಡುವುದು

ಬಿತ್ತನೆಗೆ ಇಟ್ಟ ಬೀಜವನ್ನೂ ದಿನದ ಅಕ್ಕಿಯನ್ನೂ ಒಂದೇ ಡಬ್ಬಿಯಲ್ಲಿ ಇಡುವುದಿಲ್ಲ. ಅದರಂತೆ ಅಡಿಕೆಯ ಹಣ ಜಮಾ ಆಗುವ ಖಾತೆಗೆ ಯುಪಿಐ ಜೋಡಿಸದಿರುವುದು ಒಳ್ಳೆಯದು. ಬೇರೊಂದು ಉಳಿತಾಯ ಖಾತೆಯಲ್ಲಿ ಎರಡು ಮೂರು ಸಾವಿರ ರೂಪಾಯಿ ಇಟ್ಟು ಅದಕ್ಕೆ ಮಾತ್ರ ಜೋಡಿಸಿದರೆ, ಕೈ ತಪ್ಪಿದರೂ ಹೋಗುವುದು ಅಷ್ಟೇ. ಹಂಗಾಮಿನ ಗಳಿಕೆ ಉಳಿಯುತ್ತದೆ.

ಮೋಸ ನಡೆದುಹೋದರೆ

ತಕ್ಷಣ 1930ಕ್ಕೆ ಕರೆ ಮಾಡಬೇಕು. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಮೋಸಗಾರರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ದಾಟಿಸುತ್ತಾರೆ. ಅಷ್ಟರೊಳಗೆ ದೂರು ತಲುಪಿದರೆ ಬ್ಯಾಂಕುಗಳು ಹಣವನ್ನು ತಡೆಹಿಡಿಯಲು ಅವಕಾಶವಿರುತ್ತದೆ. ನಂತರ ಬ್ಯಾಂಕಿಗೆ ತಿಳಿಸಿ, ಶಿವಮೊಗ್ಗದ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ಕೊಡಬೇಕು. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟರೆ ಹಣ ಹಿಂದಿರುಗುವ ಆಸೆ ಬಹಳ ಕಡಿಮೆ. ಆದ್ದರಿಂದ ಮನೆಯವರು ಹಿರಿಯರನ್ನು ಬಯ್ಯಬಾರದು. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ಹೇಳುವುದೇ ಇಲ್ಲ.

ಫೋನೇ ಕಳೆದರೆ ಸಿಮ್ ನಿಲ್ಲಿಸಿ, ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯಲ್ಲಿ ಆ ಫೋನು ಬಳಕೆಯಾಗದಂತೆ ತಡೆಯಬಹುದು. ಇದಕ್ಕೆ 15 ಅಂಕಿಗಳ ಐಎಂಇಐ ಸಂಖ್ಯೆ ಬೇಕು. *#06# ಒತ್ತಿದರೆ ಅದು ಕಾಣಿಸುತ್ತದೆ. ಇಂದೇ ಬರೆದು ಪಹಣಿಯ ಕಡತದಲ್ಲಿ ಇಡಿ.

ಅಧಿಕಾರ ಹಿರಿಯರದೇ ಇರಲಿ

ಭದ್ರತೆಯ ಹೆಸರಿನಲ್ಲಿ ಸಿಮ್ಮನ್ನು ಮಗನ ಹೆಸರಿಗೆ ಮಾಡಿಸಿ, ಪಿನ್ನನ್ನು ಮೊಮ್ಮಗನಿಗೆ ಒಪ್ಪಿಸುವುದು ಸರಿಯಲ್ಲ. ಖಾತೆ ಯಾರದೋ ಸಿಮ್ಮೂ ಪಿನ್ನೂ ಅವರದೇ ಆಗಿರಬೇಕು. ಕಲಿಸುವಾಗ ಫೋನು ಹಿರಿಯರ ಕೈಯಲ್ಲೇ ಇರಲಿ. ದಿನಕ್ಕೊಂದು ಕೆಲಸದಂತೆ ಕಲಿಸಿದರೆ ಸಾಕು. ಮೊದಲ ಪಾಠಕ್ಕೆ ಹವಾಮಾನ ನೋಡುವುದು ಸೂಕ್ತ. ಮಳೆ ಬಿಡುವು ಕೊಡುವ ದಿನ ನೋಡಿ ಬೋರ್ಡೋ ದ್ರಾವಣ ಸಿಂಪಡಿಸಲು ಮೇಘದೂತ್ ಆ್ಯಪ್‌ ನೆರವಾಗುತ್ತದೆ. ತೋಟದಲ್ಲಿರುವಾಗ ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್‌ ಇದೆ. ಆ್ಯಪ್ ಬೇಡವೆನ್ನುವವರು 1800-180-1551ಕ್ಕೆ ಕರೆ ಮಾಡಿ ಕಿಸಾನ್ ಕಾಲ್ ಸೆಂಟರಿನಲ್ಲಿ ಕನ್ನಡದಲ್ಲೇ ಬೆಳೆಯ ವಿಷಯ ಕೇಳಬಹುದು, ಇದಕ್ಕೆ ಶುಲ್ಕವಿಲ್ಲ.

ಒಂದು ರಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿ ಈ ನಾಲ್ಕು ಸಾಲು ಬರೆದು ಫೋನ್ ಚಾರ್ಜ್ ಮಾಡುವ ಜಾಗದ ಗೋಡೆಗೆ ಅಂಟಿಸಿ:

- ಹಣ ಬರಲು ಪಿನ್ ಬೇಡ.
- ಒಟಿಪಿಯನ್ನು ಯಾರಿಗೂ ಹೇಳಬೇಡ.
- ಅವಸರ ಮಾಡಿದರೆ, ಹೆದರಿಸಿದರೆ ಫೋನ್ ಇಟ್ಟು ಮನೆಯವರನ್ನು ಕೇಳು.
- ತಪ್ಪಾದರೆ ಆ ಕ್ಷಣವೇ 1930.